ಬಿಸಿಯಲ್ಲಿ ನಿಲ್ಲುವ ಕಾರು

ಅವನಿಗೆ ಬೇರೊಂದು ಹೆಸರಿತ್ತು. ಆ ಹೆಸರು ಹಿಡಿದು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕರೆಂಟ್ ಬಿಲ್ಲು ಒಂದೇ. ಬೀದಿಯ ಉಳಿದವರಿಗೆಲ್ಲ ಅವನು ಬಿಚ್ಚಣ್ಣ. ಗಾಡಿ ಯಾವುದೇ ಇರಲಿ, ಅದರ ಕಾಯಿಲೆ ಏನೇ ಇರಲಿ, ಬಾನೆಟ್ ಎತ್ತಿದವನೇ ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ ಪಕ್ಕಕ್ಕಿಡುತ್ತಿದ್ದ. ಏನಾಗಿದೆ, ಎಲ್ಲಿ ನಿಂತಿತು ಎನ್ನುವ ವಿಚಾರಣೆಯೆಲ್ಲ ಆಮೇಲೆ. ಗಾಜು ಒರೆಸುವ ಬ್ಲೇಡು ಬದಲಾಯಿಸಲು ಬಂದವರ ಗಾಡಿಗೂ ಅದೇ ಮರ್ಯಾದೆ. ಹಾರ್ನ್ ಮೆಲ್ಲಗೆ ಕೇಳುತ್ತಿದೆ ಅಂತ ಬಂದರೆ ಇವನು ಮೊದಲು ಅದರ ಉಸಿರೇ ನಿಲ್ಲಿಸಿಬಿಡುತ್ತಾನೆ ಎಂದು ಪಕ್ಕದ ಟೈರ್ ಅಂಗಡಿಯವನು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಎಡಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಯಾವುದೋ ಒಂದು ಬೆಳಿಗ್ಗೆ ಸ್ಪ್ಯಾನರ್ ಜಾರಿ, ಬ್ಯಾಟರಿಗೂ ಕಬ್ಬಿಣಕ್ಕೂ ನಡುವೆ ಆ ಉಂಗುರ ಸಿಕ್ಕಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಗೆ ಕಾದಿತ್ತಂತೆ. ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ ಆ ಮೋಟು ಬೆರಳನ್ನು ಬಿಚ್ಚಣ್ಣನ ಮೂಗಿನ ಮುಂದೆ ಹಿಡಿದು, ಮೊದಲು ಮೈನಸ್ಸು, ಆಮೇಲೆ ಮಾತು ಎಂದಿದ್ದ. ಅವತ್ತಿನಿಂದ ಮೂವತ್ತೆಂಟು ವರ್ಷ ಆ ಮಾತನ್ನು ಅವನು ಒಂದು ದಿನವೂ ಮೀರಿರಲಿಲ್ಲ. ಬಿಚ್ಚಣ್ಣನ ಹತ್ತೂ ಬೆರಳು ಇದ್ದಲ್ಲೇ ಇದ್ದವು.

ಮಂಡಿಗಳು ಮಾತ್ರ ಹೋಗಿದ್ದವು. ಐವತ್ತೊಂಬತ್ತು ದಾಟುತ್ತಿರುವ ಮನುಷ್ಯನಿಗೆ ಕಾರಿನ ಕೆಳಗೆ ನುಸುಳುವುದು ಹೇಗೋ ಆಗುತ್ತದೆ, ಹೊರಗೆ ಬರುವುದೇ ಒಂದು ಪ್ರಯಾಣ. ಕೆಲಸ ಮುಗಿದ ಮೇಲೂ ಅವನು ಒಂದೊಂದು ಸಲ ಕಾರಿನಡಿ ಹಾಸಿಕೊಳ್ಳುವ ಹಲಗೆಯ ಮೇಲೆ ಹಾಗೇ ಅಂಗಾತ ಬಿದ್ದಿರುತ್ತಿದ್ದ. ಇನ್ನೂ ಆಗಲಿಲ್ಲವೇ ಎಂದು ಹೆಂಡತಿ ಕಿಟಕಿಯಿಂದ ಕೇಳಿದರೆ, ಆಗುತ್ತಾ ಇದೆ ಎನ್ನುತ್ತಿದ್ದ. ಆಗುತ್ತಿದ್ದದ್ದು ನಿದ್ದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ಇವನು ಹಿಂದಿನ ತಗಡಿನ ಷೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ನಡುವೆ ಒಂದು ಕಿಟಕಿ. ಅವರ ಸಂಸಾರದ ಮುಕ್ಕಾಲು ಪಾಲು ಮಾತು ಆ ಕಿಟಕಿಯಲ್ಲೇ ನಡೆದುಹೋಗಿತ್ತು.

ಎರಡು ವರ್ಷದ ಹಿಂದೆ ಅವನು ಒಂದು ಯಂತ್ರ ಕೊಂಡ. ದೊಡ್ಡ ರಸ್ತೆಯ ಗ್ಯಾರೇಜೊಂದು ಬಾಗಿಲು ಹಾಕುವಾಗ ಮಾರಿದ ಹಳೆಯ ಸಾಮಾನುಗಳಲ್ಲಿ ಅದೂ ಒಂದು. ನೋಡಲು ದಪ್ಪನೆಯ ರಿಮೋಟಿನ ಹಾಗೆ, ಬಾಲಕ್ಕೆ ಒಂದು ತಂತಿ. ಈಚೆಗಿನ ಕಾರುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದಲ್ಲ, ಎಲ್ಲಿ ಏನು ಕೆಟ್ಟರೂ ಅದು ಒಂದು ನಂಬರ್ ಬರೆದಿಟ್ಟುಕೊಳ್ಳುತ್ತದೆ. ಸ್ಟೇರಿಂಗಿನ ಕೆಳಗೆ ತಂತಿ ಚುಚ್ಚಿದರೆ ಈ ಯಂತ್ರ ಆ ನಂಬರನ್ನು ಓದಿ ಹೇಳುತ್ತದೆ. ಯಾವ ನಂಬರಿಗೆ ಯಾವ ಕಾಯಿಲೆ ಎಂದು ಜೊತೆಗೊಂದು ಪುಸ್ತಕವೂ ಬಂದಿತ್ತು.

ಆದರೆ ಬಿಚ್ಚಣ್ಣನ ಕೈಯಲ್ಲಿ ಅದು ಎರಡು ವರ್ಷದಲ್ಲಿ ಒಂದೇ ಒಂದು ನಂಬರ್ ಹೇಳಿರಲಿಲ್ಲ. ಯಾವ ಗಾಡಿಗೆ ಚುಚ್ಚಿದರೂ ‘ದೋಷ ಇಲ್ಲ’. ಕೆಮ್ಮುವ ಗಾಡಿಗೂ ದೋಷ ಇಲ್ಲ, ಹೊಗೆ ಕಾರುವ ಗಾಡಿಗೂ ದೋಷ ಇಲ್ಲ. ಅವನು ಅದಕ್ಕೆ ಜಾಣಕಿವುಡ ಎಂದು ಹೆಸರಿಟ್ಟ. ನನ್ನ ಮಾವನೂ ಹೀಗೇ ಇದ್ದರು, ಬೇಕಾದ್ದು ಕೇಳಿದರೆ ಕಿವಿಯೇ ಕೇಳಿಸುತ್ತಿರಲಿಲ್ಲ ಎಂದು ಹೆಂಡತಿಗೆ ಚುಚ್ಚುತ್ತಿದ್ದ. ಆದರೂ ಪ್ರತಿ ಗಾಡಿಗೂ ಒಮ್ಮೆ ಅದನ್ನು ಸಿಕ್ಕಿಸುವುದನ್ನು ಬಿಟ್ಟಿರಲಿಲ್ಲ. ಬ್ಯಾಟರಿ ಬಿಚ್ಚುವುದು, ಒಳಗೆಲ್ಲ ಒರೆಸಿ ನೋಡುವುದು, ಮತ್ತೆ ಬ್ಯಾಟರಿ ಸೇರಿಸುವುದು, ಆಮೇಲೆ ಜಾಣಕಿವುಡನನ್ನು ಕೇಳುವುದು. ಅವನು ಇಲ್ಲ ಎಂದ ಮೇಲೆ ತನಗೆ ತೋಚಿದ್ದನ್ನು ಬದಲಾಯಿಸುವುದು.

ಆ ತಿಂಗಳು ಷೆಡ್ಡಿಗೆ ನಾಲ್ಕನೇ ಸಲ ಬಂದು ನಿಂತದ್ದು ಟೀಚರ ಕಾರು. ಟೀಚರ್ ಎಂದರೆ ಡ್ರೈವಿಂಗ್ ಕಲಿಸುವವರು. ಐವತ್ತರ ಆಸುಪಾಸು, ಒಬ್ಬರೇ, ಮಾತು ಕಡಿಮೆ. ಅವರ ಇಡೀ ಶಾಲೆ ಎಂದರೆ ಆ ಒಂದು ಬಿಳಿ ಕಾರು, ಹದಿನೆಂಟು ವರ್ಷದ್ದು, ಎರಡೂ ಕಡೆ ಪೆಡಲುಗಳಿದ್ದದ್ದು. ಅದಕ್ಕೆ ಒಂದು ವಿಚಿತ್ರ ಕಾಯಿಲೆ ಹತ್ತಿತ್ತು. ಬೆಳಿಗ್ಗೆ ಒಂದೇ ಕೀಗೆ ಎದ್ದು ಕೂರುತ್ತಿತ್ತು. ಮುಕ್ಕಾಲು ಗಂಟೆ ಓಡಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಲ್ಲಾದರೂ ಆಫ್ ಮಾಡಿದರೆ ಮುಗಿಯಿತು. ಸ್ಟಾರ್ಟರ್ ಗರಗರ ತಿರುಗುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ. ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಎದ್ದು ಹೊರಡುತ್ತಿತ್ತು. ದೊಡ್ಡ ಗ್ಯಾರೇಜಿನವರು ಇಷ್ಟು ವಯಸ್ಸಾದ ಗಾಡಿಯನ್ನು ಮುಟ್ಟುವುದಿಲ್ಲ ಎಂದಿದ್ದರು. ಬಿಚ್ಚಣ್ಣ ಮುಟ್ಟುತ್ತಿದ್ದ. ಮೊದಲ ಸಲ ಪ್ಲಗ್ಗು ಬದಲಾಯಿಸಿದ, ಎರಡನೇ ಸಲ ಕಿಡಿ ಹುಟ್ಟಿಸುವ ಕಾಯಿಲ್, ಮೂರನೇ ಸಲ ಪೆಟ್ರೋಲ್ ಪಂಪು. ಪ್ರತಿ ಸಲವೂ ಷೆಡ್ಡಿನಲ್ಲಿ ತಣ್ಣಗೆ ನಿಂತಿದ್ದ ಕಾರು ಅವನ ಮುಂದೆ ಒಳ್ಳೆಯ ಸೊಸೆಯ ಹಾಗೆ ನಡೆದುಕೊಂಡಿತ್ತು.

ಹಿಂದಿನ ವಾರ ಅದು ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲೇ ನಿಂತುಬಿಟ್ಟಿತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬಾಕೆ ಪರೀಕ್ಷೆಗೆ ಕೂತಿದ್ದಳು. ಹಿಂದೆ ಹನ್ನೊಂದು ಗಾಡಿ ಸಾಲಾಗಿ ಹಾರ್ನ್ ಹೊಡೆದವು. ಪರೀಕ್ಷೆಯ ಇನ್‌ಸ್ಪೆಕ್ಟರು ಹಾಳೆಯ ಮೇಲೆ ‘ವಾಹನ ಅಯೋಗ್ಯ’ ಎಂದು ಬರೆದು, ಇನ್ನೊಂದು ಸಲ ಹೀಗಾದರೆ ನಿಮ್ಮ ಶಾಲೆಯ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತೇನೆ ಎಂದರು. ಆ ಇನ್ನೊಂದು ಸಲ ಬರುವ ಶುಕ್ರವಾರವೇ ಇತ್ತು. ಹೆಸರು ಹೋದರೆ ಶಾಲೆ ಮುಚ್ಚಬೇಕು, ಕಾರನ್ನು ಗುಜರಿಗೆ ಹಾಕಿ ತಾನು ಬೇರೆ ಯಾವುದಾದರೂ ದೊಡ್ಡ ಶಾಲೆಯಲ್ಲಿ ಕೂಲಿಗೆ ಪಾಠ ಹೇಳಬೇಕು ಎಂದು ಟೀಚರ್ ಮಂಗಳವಾರ ಬಂದು, ದನಿ ಏರಿಸದೆ, ಮಾರುಕಟ್ಟೆಗೆ ಹೋಗಿ ಬಂದ ಸುದ್ದಿಯ ಹಾಗೆ ಹೇಳಿದರು. ಕಾರು ಅವತ್ತೂ ಮಾರುಕಟ್ಟೆಯ ಮುಂದೆ ಕೆಟ್ಟು ನಿಂತಿತ್ತು. ಅಡುಗೆಯಾಕೆ ಮತ್ತು ಟೀಚರ್ ಇಬ್ಬರೂ ಸೇರಿ ತಳ್ಳಿ ಬದಿಗೆ ಹಾಕಿ, ತಣ್ಣಗಾಗುವವರೆಗೆ ಕಾದಿದ್ದರು. ಆಮೇಲೆ ಅವಳನ್ನು ಆಸ್ಪತ್ರೆಗೆ ಬಿಟ್ಟು ಟೀಚರ್ ಸೀದಾ ಇಲ್ಲಿಗೆ ತಂದಿದ್ದರು.

ನಿಜ ಹೇಳಬೇಕೆಂದರೆ ಬಿಚ್ಚಣ್ಣನಿಗೂ ಸಾಕಾಗಿತ್ತು. ಆ ಬಿಳಿ ಬಾನೆಟ್ಟು ಗೇಟಿನಲ್ಲಿ ತಿರುಗಿದ್ದನ್ನು ಕಂಡಾಗ, ಇದೊಂದು ಸತ್ತಾದರೂ ಹೋಗಬಾರದೇ, ನನಗೂ ಬಿಡುಗಡೆ, ಆಯಮ್ಮನಿಗೂ ಬಿಡುಗಡೆ ಎಂದು ಅವನ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ಆ ಯೋಚನೆ ಬಂದ ಕೂಡಲೇ ಅವನಿಗೆ ತನ್ನ ಮೇಲೆಯೇ ಬೇಸರವಾಯಿತು. ಎದ್ದು ಬಾನೆಟ್ ಎತ್ತಿ, ಜೇಬಿನಿಂದ ಸ್ಪ್ಯಾನರ್ ತೆಗೆದ.

ಟೀಚರ್ ಹೊರಡುವ ಮುಂಚೆ ಕಿಟಕಿಯ ಹತ್ತಿರ ನಿಂತು, ದೂರಿನ ಹಾಗೂ ಅಲ್ಲ, ತಮಾಷೆಯ ಹಾಗೂ ಅಲ್ಲ, ಒಂದು ಮಾತು ಹೇಳಿದರು.

“ಇಲ್ಲಿಗೆ ಬಂದು ಹೋದಾಗೆಲ್ಲ ಗಡಿಯಾರ ಹನ್ನೆರಡು ಗಂಟೆ ತೋರಿಸ್ತಿರುತ್ತೆ. ರೇಡಿಯೋದಲ್ಲಿ ಇಟ್ಕೊಂಡಿದ್ದ ಸ್ಟೇಷನ್ನೂ ಹೋಗಿರುತ್ತೆ. ಈ ಸಲನಾದ್ರೂ ಅದನ್ನ ಸರಿ ಮಾಡಿ ಕೊಡಿ.”

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಹೆಂಡತಿ ಕಿಟಕಿಗೆ ಬಂದು, ಗಡಿಯಾರ ಯಾಕೆ ಹನ್ನೆರಡಕ್ಕೆ ಹೋಗುತ್ತದೆ ಎಂದು ಗಂಡನನ್ನು ಕೇಳಿದಳು. ಬ್ಯಾಟರಿ ಬಿಚ್ಚಿದರೆ ಅದಕ್ಕೆ ಎಲ್ಲ ಮರೆತುಹೋಗುತ್ತದೆ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಅವನು ಗದರಿದ. ಅವಳು ಸುಮ್ಮನಾಗಲಿಲ್ಲ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಕೇಳಿದಳು.

“ಗಡಿಯಾರ ಮರೆಯುತ್ತೆ, ರೇಡಿಯೋ ಮರೆಯುತ್ತೆ. ಕಾಯಿಲೆ ಬರ್ಕೊಳ್ಳೋ ಪೆಟ್ಟಿಗೆ ಮಾತ್ರ ನೆನಪು ಇಟ್ಕೊಂಡಿರುತ್ತಾ?”

ಬಿಚ್ಚಣ್ಣನ ಸ್ಪ್ಯಾನರ್ ಆಗಲೇ ಬೋಲ್ಟಿನ ಮೇಲೆ ಕೂತಿತ್ತು. ಅವನು ತಿರುಗಿಸಲಿಲ್ಲ.

“ಯಾರಾದ್ರೂ ಹಳೇ ಬಟ್ಟೆ ತಂದು ಇದೇ ಅಳತೆಗೆ ಹೊಲಿ ಅಂದ್ರೆ, ನಾನು ಮೊದಲು ಟೇಪು ಹಿಡೀತೀನಿ, ಆಮೇಲೆ ಹೊಲಿಗೆ ಬಿಚ್ಚೋದು. ನೀವು ಎರಡು ವರ್ಷದಿಂದ ಬಿಚ್ಚಿ ಹಾಕಿ ಆಮೇಲೆ ಅಳತೆ ಎಲ್ಲಿ ಅಂತ ಕೇಳ್ತಿದೀರ. ಪಾಪ, ಅದನ್ನ ಕಿವುಡ ಅಂತ ಬೇರೆ ಬೈತೀರ” ಎಂದಳು.

ಟೀಚರ್ ಬಿಚ್ಚಣ್ಣನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಟೈರ್ ಅಂಗಡಿಯವನು ಆ ಹೊತ್ತಿಗೆ ಅಲ್ಲಿ ಇಲ್ಲದ್ದು ಒಂದು ಪುಣ್ಯ.

ಹತ್ತೂ ಬೆರಳಿನ ಮನುಷ್ಯ ಸ್ಪ್ಯಾನರನ್ನು ಮೆಲ್ಲಗೆ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಬ್ಯಾಟರಿ ಮುಟ್ಟದೆ ಯಂತ್ರ ತಂದ. ಸೀಟಿನಲ್ಲಿ ಓರೆಯಾಗಿ ಕೂತು, ತಲೆ ತಗ್ಗಿಸಿ, ಸ್ಟೇರಿಂಗಿನ ಕೆಳಗೆ ತಂತಿ ಚುಚ್ಚಿ ಕೀ ತಿರುಗಿಸಿದ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಒಂದು ಸಾಲು ಬರೆಯಿತು. ಅವನು ಕನ್ನಡಕ ಏರಿಸಿ ಓದಿದ: ಪಿ ಸೊನ್ನೆ ಮೂರು ಮೂರು ಐದು. ಹೆಂಡತಿ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದಳು. ಕ್ರ್ಯಾಂಕ್ ಸೆನ್ಸರ್ ಎಂದಿತ್ತು. ಎಂಜಿನ್ ತಿರುಗುತ್ತಿದೆ ಎಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವ ಹೆಬ್ಬೆರಳಿನಷ್ಟು ಸಾಮಾನು ಅದು. ಅದು ಸುದ್ದಿ ಕೊಡದಿದ್ದರೆ ಪೆಟ್ಟಿಗೆ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ.

ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕಾರಿನ ಕೆಳಗೆ ನುಸುಳಿದ. ಹೊಗೆ ಪೈಪಿನ ಪಕ್ಕದಲ್ಲೇ, ಬಿಸಿಯಲ್ಲಿ ಬೆಂದು ಕಂದುಬಣ್ಣಕ್ಕೆ ತಿರುಗಿದ್ದ ಆ ಸೆನ್ಸರನ್ನು ಕಳಚಿ ತಂದ. ನಂಬರ್ ಹೇಳಿತು ಎಂದ ಮಾತ್ರಕ್ಕೆ ನಂಬುವ ಜಾತಿಯವನಲ್ಲ ಅವನು. ಮೀಟರಿನ ಎರಡು ಕಡ್ಡಿ ಹಿಡಿದು ಅಳೆದ. ತಣ್ಣಗಿದ್ದಾಗ ಮುಳ್ಳು ಸರಿಯಾಗಿಯೇ ಎದ್ದಿತು. ಆಗ ಹೆಂಡತಿಯ ಇಸ್ತ್ರಿ ಪೆಟ್ಟಿಗೆ ಕೇಳಿದ. ಎಣ್ಣೆ ಮೆತ್ತಿದರೆ ಗಿರಾಕಿಯ ಬಟ್ಟೆಗೆ ಅಂಟುತ್ತದೆ ಎಂದು ಅವಳು ಗೊಣಗಿಕೊಂಡೇ, ಇಸ್ತ್ರಿಯನ್ನು ಮಲಗಿಸಿ ಮೇಲೆ ಎರಡು ಮಡಿಕೆ ಹಳೆಯ ಬಟ್ಟೆ ಹಾಸಿ, ಆ ಸಾಮಾನನ್ನು ಮಗುವಿನ ಅಂಗಿಯ ಹಾಗೆ ಬಟ್ಟೆಯೊಳಗೆ ಸುತ್ತಿಟ್ಟಳು. ಮೂವರೂ ಮೀಟರಿನ ಸುತ್ತ ಬಗ್ಗಿ ನಿಂತರು. ಮೂರು ನಿಮಿಷ ಏನೂ ಆಗಲಿಲ್ಲ. ನಾಲ್ಕನೇ ನಿಮಿಷಕ್ಕೆ ಮುಳ್ಳು ಒಮ್ಮೆ ನಡುಗಿ, ಸತ್ತ ಹಾಗೆ ಪಕ್ಕಕ್ಕೆ ಮಲಗಿತು. ಹೊರಗೆ ತೆಗೆದು ಗಾಳಿ ಊದಿ ಆರಿಸಿದಾಗ ಮತ್ತೆ ಎದ್ದಿತು.

“ಇದೇ,” ಎಂದ ಬಿಚ್ಚಣ್ಣ.

ಅಷ್ಟು ಹಳೆಯ ಗಾಡಿಯ ಸೆನ್ಸರ್ ಅಂಗಡಿಯಲ್ಲಿ ಇರಲಿಲ್ಲ. ಗುರುವಾರ ಬೆಳಿಗ್ಗೆ ತರಿಸಿ ಕೊಡುತ್ತೇನೆ ಎಂದರು. ನಡುವೆ ಬುಧವಾರ ಇಡೀ ದಿನ ಖಾಲಿ ಬಿತ್ತು. ಕೆಲಸವಿಲ್ಲದೆ ಹಲಗೆಯ ಮೇಲೆ ಅಂಗಾತ ಮಲಗಿದವನಿಗೆ ನಿದ್ದೆ ಬರಲಿಲ್ಲ. ಬದಲಿಗೆ ಒಂದೊಂದೇ ಗಾಡಿ ನೆನಪಿಗೆ ಬಂತು. ಎರಡು ವರ್ಷದಲ್ಲಿ ಎಷ್ಟು ಜನರಿಗೆ ಯಂತ್ರದಲ್ಲೂ ಏನೂ ಸಿಗಲಿಲ್ಲ ಎಂದು ಹೇಳಿ ಕಳಿಸಿದ್ದ. ಎಲ್ಲರನ್ನೂ ಬಿಟ್ಟು ಬ್ರೆಡ್ಡಿನ ವ್ಯಾನಿನವನು ಬಂದು ತಲೆಯಲ್ಲಿ ಕೂತ. ಅವನ ವ್ಯಾನೂ ಹೀಗೇ ಬಿಸಿಯಲ್ಲಿ ನಿಲ್ಲುತ್ತಿತ್ತು. ಮೂರು ಸಲ ನೋಡಿ, ನಾಲ್ಕನೇ ಸಲ ಬಿಚ್ಚಣ್ಣನೇ ಕೈ ಒರೆಸಿಕೊಂಡು, ಇದರ ಕಾಲ ಮುಗಿಯಿತು, ಮಾರಿಬಿಡು ಎಂದಿದ್ದ. ಅವನು ಮಾರಿದ್ದ. ಸ್ವಂತ ವ್ಯಾನಿನಲ್ಲಿ ಬ್ರೆಡ್ ಹಂಚುತ್ತಿದ್ದವನು ಈಗ ಅದೇ ಬೇಕರಿಯಲ್ಲಿ ಬೇರೆಯವರ ವ್ಯಾನಿಗೆ ಕ್ರೇಟು ಏರಿಸುತ್ತಿದ್ದ.

ಮಧ್ಯಾಹ್ನ ಬಿಚ್ಚಣ್ಣ ಬೇಕರಿಯವರೆಗೆ ನಡೆದೇ ಹೋದ. ಹಿಂದಿನ ಗೇಟಿನಲ್ಲಿ ಆ ಮನುಷ್ಯ ಸಿಕ್ಕಿದ. ಬಿಚ್ಚಣ್ಣ ಸುತ್ತಿ ಬಳಸಲಿಲ್ಲ. ಬ್ಯಾಟರಿ ಮೊದಲು ಬಿಚ್ಚಿದ್ದು, ಅದರಿಂದ ನಂಬರ್ ಅಳಿಸಿಹೋದದ್ದು, ಅದು ಗೊತ್ತಿಲ್ಲದೆ ಗಾಡಿಗೆ ಕಾಲ ಮುಗಿಯಿತು ಎಂದದ್ದು, ಎಲ್ಲವನ್ನೂ ಹೇಳಿದ. ಅವನು ಕ್ರೇಟನ್ನು ಎದೆಗೆ ಆನಿಸಿಕೊಂಡೇ ಕೇಳಿಸಿಕೊಂಡ.

“ಅಂದ್ರೆ ನನ್ನ ಗಾಡಿ ಸತ್ತಿರ್ಲಿಲ್ಲ.”

“ಸತ್ತಿರ್ಲಿಲ್ಲ ಅನ್ಸುತ್ತೆ.”

ಅವನು ಕ್ರೇಟನ್ನು ವ್ಯಾನಿನೊಳಗೆ ತಳ್ಳಿ, ಕೈಯ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅದರ ಆಯಸ್ಸೇ ಅಷ್ಟು ಅಂತ ನಾನು ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ ಅಣ್ಣ. ಈಗ ಬಂದು ಇದನ್ನ ಹೇಳ್ತಿದೀಯ. ಇದನ್ನ ನಾನು ಎಲ್ಲಿ ಇಟ್ಕೊಳ್ಳಲಿ?”

ಇನ್ನೂ ನಲವತ್ತು ಕ್ರೇಟು ಇದ್ದವು. ಬಿಚ್ಚಣ್ಣ ತಾನೂ ಎರಡು ಎತ್ತಿ ಕೊಡಲು ಹೋದ. ಮಂಡಿ ಕೈ ಕೊಟ್ಟಿತು. ನೀನು ಹೋಗು ಅಣ್ಣ ಎಂದು ಅವನೇ ಕ್ರೇಟು ಇಸಿದುಕೊಂಡ. ಮನೆಗೆ ಬಂದಾಗ ಹೆಂಡತಿ, ಅವನು ಬೈದನೇ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಬಿಚ್ಚಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ.

ಗುರುವಾರ ಸೆನ್ಸರ್ ಬಂತು. ಒಂದು ಗಂಟೆಯ ಕೆಲಸ, ಅವನ ಮಂಡಿಗೆ ಮೂರು ಗಂಟೆ ಹಿಡಿಯಿತು. ಮಧ್ಯಾಹ್ನ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಊರ ಹೊರಗಿನ ಏರು ರಸ್ತೆಯಲ್ಲಿ ಎರಡು ಸಲ ಹತ್ತಿಸಿ ಇಳಿಸಿದ. ಬಿಸಿಲಿನಲ್ಲಿ ನಿಲ್ಲಿಸಿ ಆಫ್ ಮಾಡಿದ, ಐದು ನಿಮಿಷ ಕಾದು ಕೀ ತಿರುಗಿಸಿದ. ಹತ್ತಿತು. ಮತ್ತೆ ಆಫ್, ಮತ್ತೆ ಹತ್ತಿತು. ಏಳು ಸಲ. ಎಂಟನೆಯದಕ್ಕೆ ಟೀಚರ್ ಸಾಕು ಎಂದರು.

ಅಲ್ಲಿಗೆ ಮಾತು ಮುಗಿಸಿಬಿಡಬಹುದಿತ್ತು. ಕಾರು ಸರಿಯಾಗಿತ್ತು, ಟೀಚರಿಗೂ ಅಷ್ಟೇ ಬೇಕಾಗಿತ್ತು. ಬ್ರೆಡ್ಡಿನವನ ಮುಖ ನೋಡಿ ಬಂದವನಿಗೆ ಇನ್ನೊಬ್ಬರಿಗೆ ಹೊರೆ ಹೊರಿಸುವ ಮನಸ್ಸೂ ಇರಲಿಲ್ಲ. ಆದರೆ ಹಿಂದಿರುಗುವ ದಾರಿಯಲ್ಲಿ ಟೀಚರ್ ತಾವಾಗಿಯೇ ಕೇಳಿದರು. ಮೊದಲನೇ ಸಲ ತಂದಾಗಲೇ ಆ ನಂಬರ್ ಅದರೊಳಗೆ ಇತ್ತೇ ಎಂದು.

“ಇತ್ತು,” ಎಂದ ಬಿಚ್ಚಣ್ಣ. “ಮೂರು ಸಲವೂ ಇತ್ತು. ನಾನೇ ಅಳಿಸಿದೆ. ಪ್ಲಗ್ಗು, ಕಾಯಿಲ್, ಪಂಪು ಯಾವುದೂ ಕೆಟ್ಟಿರ್ಲಿಲ್ಲ.”

“ಮೈದಾನದಲ್ಲಿ ನಿಂತದ್ದು?”

“ಅದೂ ನನ್ನದೇ ತಪ್ಪು.”

ಎರಡು ಕ್ರಾಸು ದಾಟಿದವು. ಟೀಚರ ಕಾಲು ಅಭ್ಯಾಸಬಲದಿಂದ ತಮ್ಮ ಕಡೆಯ ಬ್ರೇಕಿನ ಮೇಲೆ ಸಿದ್ಧವಾಗಿ ಕೂತಿತ್ತು. ಕಡೆಗೆ ಅಂದರು:

“ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಕ್ಲಚ್ ಒತ್ತಿದ ಮೇಲೇ ಬ್ರೇಕು ಅಂತ ಹೇಳ್ಕೊಟ್ಟೆ. ಹೋದ ವರ್ಷ ಯಾರೋ ಪುಸ್ತಕ ತೋರ್ಸಿ, ಅದು ತಪ್ಪು, ವೇಗದಲ್ಲಿದ್ದಾಗ ಮೊದಲು ಬ್ರೇಕು ಅಂದ್ರು. ಅಷ್ಟು ಜನಾನ ಈಗ ಎಲ್ಲಿ ಹುಡುಕ್ಲಿ? ನಾಳೆ ನೀವೂ ಬನ್ನಿ ಮೈದಾನಕ್ಕೆ.”

ಶುಕ್ರವಾರ ಬೆಳಿಗ್ಗೆ ಬಿಚ್ಚಣ್ಣ ಮೈದಾನದ ಬೆಂಚಿನ ಮೇಲೆ ಜಾಣಕಿವುಡನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೇಕಾಗಲಿಕ್ಕಿಲ್ಲ, ಆದರೂ ತಂದಿದ್ದ. ಇನ್‌ಸ್ಪೆಕ್ಟರು ಬಿಳಿ ಕಾರನ್ನು ಕಂಡು, ಮತ್ತೆ ಇದೇ ಗಾಡಿಯೇ ಎಂದು ಹುಬ್ಬೇರಿಸಿ, ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡರು. ಎಂಜಿನ್ ನಡೆಸಿಯೇ ಇಟ್ಟಿರಿ ಎಂದು ಹೇಳಿ ಮುಕ್ಕಾಲು ಗಂಟೆ ಕಾಯಿಸಿದರು. ಬಾನೆಟ್ಟಿನ ಮೇಲೆ ಗಾಳಿ ಬಿಸಿಗೆ ನಡುಗುತ್ತಿತ್ತು. ಆಮೇಲೆ ಅಡುಗೆಯಾಕೆಯನ್ನು ಕೂರಿಸಿ ಎರಡು ಸುತ್ತು ಹೊಡೆಸಿ, ನಡು ಮೈದಾನದಲ್ಲಿ ಆಫ್ ಮಾಡಿಸಿದರು. ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡೇ ನಿಂತರು. ಟೀಚರ್ ಬೇಲಿಯ ಕಂಬ ಹಿಡಿದಿದ್ದರು. ಬಿಚ್ಚಣ್ಣ ಬೆಂಚಿನಿಂದ ಏಳಲು ನೋಡಿ, ಆಗದೆ, ಕೂತೇ ಇದ್ದ.

ಸ್ಟಾರ್ಟ್ ಮಾಡಿ ಎಂದರು ಇನ್‌ಸ್ಪೆಕ್ಟರು. ಅಡುಗೆಯಾಕೆ ಕೀ ತಿರುಗಿಸಿದಳು. ಎಂಜಿನ್ ಅರ್ಧ ಸುತ್ತಿಗೇ ಹತ್ತಿತು. ಮತ್ತೊಮ್ಮೆ ಎಂದರು. ಹತ್ತಿತು. ಇನ್ನೊಮ್ಮೆ. ಹತ್ತಿತು. ಅವರು ಬಗ್ಗಿ ಹಾಳೆಯ ಮೇಲೆ ಏನೋ ಬರೆದರು.

ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಅಡುಗೆಯಾಕೆಗೆ ಆ ಖುಷಿಯಲ್ಲಿ ಹಿಂದಕ್ಕೆ ತೆಗೆಯುವ ಪಾಠವೇ ಮರೆತುಹೋಯಿತು. ಸೀದಾ ಹಿಂದೆ ಬಂದು ಎರಡು ಕೆಂಪು ಕೋನುಗಳನ್ನು ಉರುಳಿಸಿ, ಮೂರನೆಯದನ್ನು ಬಂಪರಿನ ಕೆಳಗೆ ಎಳೆದುಕೊಂಡು ಬೆಂಚಿನ ಮುಂದೆಯೇ ಬಂದು ನಿಂತಳು. ಹಾಳೆ ಕೈಗೆ ಬಂದಾಗ ಅದರಲ್ಲಿ ಎರಡೇ ಸಾಲು ಇದ್ದವು. ವಾಹನ ಯೋಗ್ಯ. ಅಭ್ಯರ್ಥಿ ಅನುತ್ತೀರ್ಣ.

“ಗಾಡಿ ಪಾಸಾಯ್ತು, ನಾನು ಫೇಲು,” ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನಮ್ಮ ಹೆಸರು ಪಟ್ಟಿಯಲ್ಲೇ ಉಳಿಯಿತಲ್ಲ, ಮುಂದಿನ ತಿಂಗಳು ಮತ್ತೆ ಬರಬಹುದು ಎಂದು ಟೀಚರ್ ಅವಳ ಬೆನ್ನು ತಟ್ಟಿದರು. ಮನೆಯವರೆಗೆ ನೀನೇ ಓಡಿಸು ಎಂದು ಕೀಯನ್ನು ಅವಳ ಕೈಗೇ ಕೊಟ್ಟರು.

ಬಿಚ್ಚಣ್ಣ ಹಿಂದಿನ ಸೀಟಿನಲ್ಲಿ ಕಾಲು ಅಡ್ಡ ಚಾಚಿಕೊಂಡು ಕೂತ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಮುಂದೆ ಲಾರಿ, ಹಿಂದೆ ಬಸ್ಸು, ಎಲ್ಲರೂ ಎಂಜಿನ್ ಆಫ್ ಮಾಡಿ ಕೂತಿದ್ದರು. ಅಡುಗೆಯಾಕೆಯ ಕೈ ಕೀಯ ಹತ್ತಿರ ಹೋಗಿ ನಿಂತಿತು.

“ಆಫ್ ಮಾಡ್ಲಾ ಟೀಚರ್?”

ಟೀಚರ್ ಹಿಂದಕ್ಕೆ ತಿರುಗಿ ಬಿಚ್ಚಣ್ಣನನ್ನು ನೋಡಿದರು. ಅವನಿಗೆ ತಲೆಯಾಡಿಸುವಷ್ಟೇ ಶಕ್ತಿ ಉಳಿದಿತ್ತು. ಆಡಿಸಿದ. ಟೀಚರ್ ತಮ್ಮ ಕಡೆಯ ಪೆಡಲಿನಿಂದ ಎರಡೂ ಕಾಲು ತೆಗೆದು, ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಮಡಿಚಿಟ್ಟುಕೊಂಡರು.

“ಮಾಡು. ರೈಲು ಬರೋಕೆ ಇನ್ನೂ ಹೊತ್ತಿದೆ” ಎಂದರು.